ವೈಫೈ ಇದೆಯಲ್ಲ, ಕೇಬಲ್ ಯಾಕೆ?

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲೋ ವೈಟ್‌ಫೀಲ್ಡ್‌ನಲ್ಲೋ ಐದಾರು ಮಹಡಿಯ ಕಚೇರಿಯೊಂದು ಸಜ್ಜಾಗುತ್ತಿದೆ ಎನ್ನಿ. ಖರ್ಚಿನ ಪಟ್ಟಿ ಹಿಡಿದು ಕೂತ ಸಭೆಯಲ್ಲಿ ನೆಟ್‌ವರ್ಕ್ ಕೇಬಲಿಂಗ್ ಎಂಬ ಸಾಲು ಬಂದ ಕೂಡಲೇ ಯಾರಾದರೊಬ್ಬರು ಕೇಳುತ್ತಾರೆ: "ಎಲ್ಲರ ಕೈಯಲ್ಲೂ ಲ್ಯಾಪ್‌ಟಾಪ್, ಎಲ್ಲೆಲ್ಲೂ ವೈಫೈ. ಈ ಕಾಲದಲ್ಲಿ ಕೇಬಲ್‌ಗೆ ಇಷ್ಟು ದುಡ್ಡು ಯಾಕ್ರೀ?" ಸುತ್ತ ಕೂತವರು ತಲೆಯಾಡಿಸುತ್ತಾರೆ. ರಿಸೆಪ್ಷನ್ನಿನ ಗ್ರಾನೈಟ್, ಕ್ಯಾಂಟೀನಿನ ತೂಗುದೀಪಗಳ ಬಗ್ಗೆ ಇಂಥ ಪ್ರಶ್ನೆ ಏಳುವುದಿಲ್ಲ. ಅವು ಬಂದವರ ಕಣ್ಣಿಗೆ ಬೀಳುತ್ತವೆ. ಕೇಬಲ್ ಫಾಲ್ಸ್ ಸೀಲಿಂಗ್ ಮೇಲೆ ಅಡಗಿರುತ್ತದೆ. ಹಾಗಾಗಿ ಕತ್ತರಿ ಮೊದಲು ಆಡುವುದು ಅದರ ಮೇಲೆಯೇ.

ಈ ಮಾತು ಪೂರ್ತಿ ಸುಳ್ಳಲ್ಲ, ಅದನ್ನು ಮೊದಲೇ ಒಪ್ಪಿಬಿಡೋಣ. ಇಪ್ಪತ್ತು ವರ್ಷದ ಹಿಂದೆ ಪ್ರತಿ ಸೀಟಿಗೆ ಎರಡು ಪಾಯಿಂಟ್ ಎಂಬುದು ರೂಢಿ, ಒಂದು ಕಂಪ್ಯೂಟರಿಗೆ, ಇನ್ನೊಂದು ಫೋನಿಗೆ. ಮುನ್ನೂರು ಸೀಟಿನ ಒಂದು ಮಹಡಿ ಎಂದರೆ 600 ಕೇಬಲ್. ಸರಾಸರಿ 50 ಮೀಟರ್ ಹಿಡಿದರೂ 30 ಕಿಲೋಮೀಟರ್ ಆಯಿತು. 305 ಮೀಟರಿನ ಡಬ್ಬಿಗಳ ಲೆಕ್ಕದಲ್ಲಿ ನೂರರ ಹತ್ತಿರ. ಇಂದು ಮೇಜಿನ ಮೇಲೆ ಫೋನ್ ಇಲ್ಲ. ಎಷ್ಟೋ ಕಡೆ ಯಾರಿಗೂ ತಮ್ಮದೆಂಬ ಮೇಜೂ ಇಲ್ಲ, ಬಂದವರು ಖಾಲಿ ಇದ್ದಲ್ಲಿ ಕೂರುತ್ತಾರೆ. ಈಗಲೂ ಸೀಟಿಗೆರಡು ಎಂದು ಬರೆದುಕೊಡುವ ಕನ್ಸಲ್ಟೆಂಟ್ ಒಂದೋ ಸೋಮಾರಿ, ಇಲ್ಲವೇ ಕೇಬಲ್ ಮಾರುವವರ ಸ್ನೇಹಿತ. ಆ ಆರುನೂರರಲ್ಲಿ ಮುಕ್ಕಾಲು ಪಾಲು ಹೋಗಲಿ, ನನ್ನ ತಕರಾರಿಲ್ಲ.

ತಕರಾರಿರುವುದು ಮುಂದಿನ ಹೆಜ್ಜೆಗೆ. ಕೇಬಲ್‌ಗಳ ಸಂಖ್ಯೆ ಇಳಿಯಿತು, ಆದ್ದರಿಂದ ಅವುಗಳ ಮೇಲಿನ ಕಾಳಜಿಯೂ ಇಳಿಯಬಹುದು ಎಂದು ತರ್ಕಿಸುತ್ತಾರಲ್ಲ, ಅದು ತಲೆಕೆಳಗು. ವೈಫೈ ಗಾಳಿಯಲ್ಲಿ ಸಾಗುವುದು ಲ್ಯಾಪ್‌ಟಾಪಿನಿಂದ ಸೀಲಿಂಗಿನ ಆಕ್ಸೆಸ್ ಪಾಯಿಂಟ್‌ವರೆಗಿನ ಹತ್ತೋ ಹದಿನೈದೋ ಮೀಟರ್ ಮಾತ್ರ. ಅಲ್ಲಿಂದ ಮಹಡಿಯ ಹಬ್ ರೂಮಿಗೆ ತಾಮ್ರದ ಕೇಬಲ್, ಹಬ್ ರೂಮಿನಿಂದ ಶಾಫ್ಟ್ ಹಿಡಿದು ಸರ್ವರ್ ರೂಮಿಗೆ ಫೈಬರ್. ಮೊದಲು ಒಂದು ಕೇಬಲ್ ಕೆಟ್ಟರೆ ಒಬ್ಬ ಉದ್ಯೋಗಿ ಪಕ್ಕದ ಸೀಟಿಗೆ ಹೋಗಿ ಕೂರುತ್ತಿದ್ದ. ಈಗ ಒಂದು ಕೇಬಲ್ ಕೆಟ್ಟರೆ ಇಪ್ಪತ್ತು ಮೂವತ್ತು ಜನರ ವಿಡಿಯೊ ಕರೆ ಒಟ್ಟಿಗೇ ತಡವರಿಸುತ್ತದೆ. ಅರ್ಥಾತ್, ಕೇಬಲ್ ಕಡಿಮೆಯಾದಷ್ಟೂ ಉಳಿದ ಒಂದೊಂದರ ಹೊಣೆ ಹೆಚ್ಚಾಯಿತು.

ಪೂರ್ತಿ ಕೆಟ್ಟುಹೋದರೆ ಪುಣ್ಯ, ಯಾರಾದರೂ ಬಂದು ರಿಪೇರಿ ಮಾಡುತ್ತಾರೆ. ಅರೆಬರೆ ಕೆಟ್ಟದ್ದೇ ಕಾಟ. ಗಿಗಾಬಿಟ್ ವೇಗಕ್ಕೆ ಕೇಬಲ್‌ನೊಳಗಿನ ನಾಲ್ಕೂ ಜೋಡಿ ತಂತಿಗಳು ಬೇಕು; ಒಂದು ಜೋಡಿ ಕೈಕೊಟ್ಟರೆ ಎಷ್ಟೋ ಸಾಧನಗಳು ಸದ್ದಿಲ್ಲದೆ ಸೆಕೆಂಡಿಗೆ 100 ಮೆಗಾಬಿಟ್‌ಗೆ ಇಳಿದು ಕೆಲಸ ಮುಂದುವರಿಸುತ್ತವೆ. ಪೋರ್ಟಿನ ದೀಪ ಉರಿಯುತ್ತಲೇ ಇರುತ್ತದೆ. ಜನ ಮಾತ್ರ "ವೈಫೈ ಸ್ಲೋ" ಎಂದು ದೂರುತ್ತಾರೆ. ಆಡಳಿತದವರು ಇನ್ನೂ ನಾಲ್ಕು ಆಕ್ಸೆಸ್ ಪಾಯಿಂಟ್ ತರಿಸುತ್ತಾರೆ. ಆದರೆ ವೈಫೈ ಚಾನೆಲ್ ಎಂದರೆ ಬೀದಿಯ ಒಂದೇ ನಲ್ಲಿ ಇದ್ದಂತೆ: ಒಬ್ಬರು ಕೊಡ ತುಂಬಿಸುವಾಗ ಉಳಿದವರು ಕಾಯಬೇಕು. ಅದೇ ಚಾನೆಲ್‌ನಲ್ಲಿ ಹೊಸ ಆಕ್ಸೆಸ್ ಪಾಯಿಂಟ್ ಸೇರಿಸಿದರೆ ಸಾಲು ಇನ್ನಷ್ಟು ಉದ್ದವಾಗುತ್ತದೆ. ಕೇಬಲ್‌ನಲ್ಲಿ ಉಳಿಸಿದ ಹಣ ಹೀಗೆ ಪೆಟ್ಟಿಗೆಗಳ ರೂಪದಲ್ಲಿ ಸೀಲಿಂಗಿಗೆ ಹೋಗಿ ನೇತಾಡುತ್ತದೆ.

ಇನ್ನೊಂದು ಬದಲಾವಣೆಯನ್ನು ಈ ಸಭೆಗಳು ಗಮನಿಸುವುದೇ ಇಲ್ಲ. ಈಗಿನ ಡೇಟಾ ಕೇಬಲ್ ಕರೆಂಟನ್ನೂ ಹೊರುತ್ತದೆ. 2003ರ ಪಿಓಇ (ಪವರ್ ಓವರ್ ಈಥರ್ನೆಟ್) ಮಾನದಂಡದಲ್ಲಿ ಒಂದು ಪೋರ್ಟ್ 15.4 ವ್ಯಾಟ್ ಕೊಡುತ್ತಿತ್ತು, 2009ರಲ್ಲಿ 30, 2018ರಲ್ಲಿ 90 ವ್ಯಾಟ್‌ವರೆಗೆ ಏರಿತು. ಆಕ್ಸೆಸ್ ಪಾಯಿಂಟ್, ಸಿಸಿ ಕ್ಯಾಮೆರಾ, ಬಾಗಿಲಿನ ಕಾರ್ಡ್ ರೀಡರ್, ಮೀಟಿಂಗ್ ರೂಮಿನ ಪರದೆ ಎಲ್ಲಕ್ಕೂ ಇದೇ ಕೇಬಲ್ ಉಸಿರು. ಕರೆಂಟ್ ಹರಿದಾಗ ತಂತಿ ಬಿಸಿಯಾಗುತ್ತದೆ, ಬಿಸಿಯಾದಾಗ ಸಿಗ್ನಲ್ ಹೆಚ್ಚು ಕ್ಷೀಣಿಸುತ್ತದೆ. ದಪ್ಪ ಕಂತೆಯ ನಡುವಿನ ಕೇಬಲ್‌ಗೆ ಬಿಸಿ ಹೊರಹಾಕಲು ಜಾಗವೇ ಇರುವುದಿಲ್ಲ. ಅದಕ್ಕೇ ಒಂದು ಕಂತೆಗೆ 24 ಮೀರದಿರಲಿ ಎಂಬ ಸಲಹೆ. ನಮ್ಮಲ್ಲಿ ನೋಡಲು ಚೆಂದ ಎಂದು ನೂರು ಕೇಬಲ್ ಒಟ್ಟು ಸೇರಿಸಿ ಪ್ಲಾಸ್ಟಿಕ್ ಟೈನಿಂದ ಉಸಿರುಗಟ್ಟುವಂತೆ ಬಿಗಿಯುತ್ತಾರೆ, ಫೋಟೊ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸುತ್ತಾರೆ, ಶಹಬ್ಬಾಸ್‌ಗಿರಿಯೂ ಸಿಗುತ್ತದೆ. ಎಲ್ಲವನ್ನೂ ಫೈಬರ್ ಮಾಡಿಬಿಟ್ಟರಾಯಿತು ಎನ್ನುವವರೂ ಇದ್ದಾರೆ. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ, ಕ್ಯಾಮೆರಾಕ್ಕೆ ಬೇಕಾದ ಕರೆಂಟ್ ಹೋಗುವುದಿಲ್ಲ.

ಇಷ್ಟು ಕೇಳಿ ಕೇಬಲ್ ಮಾರುವವರು ಖುಷಿಪಡಬೇಕಾಗಿಲ್ಲ. ಅವರದೂ ಒಂದು ನಂಬಿಕೆಯಿದೆ: ಕೇಬಲ್ ದರ್ಜೆಯ (ಕ್ಯಾಟ್) ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು. ಕ್ಯಾಟ್ 6 ಬೇಡ, 7 ಹಾಕಿ, ಸಾಧ್ಯವಾದರೆ 8 ಹಾಕಿ, ಮುಂದಿನ ಇಪ್ಪತ್ತೈದು ವರ್ಷ ನಿಶ್ಚಿಂತೆ. ಕ್ಯಾಟ್ 8 ಇರುವುದು ಡೇಟಾ ಸೆಂಟರಿನ ಅಕ್ಕಪಕ್ಕದ ರ್‍ಯಾಕ್‌ಗಳಿಗೆ. ಅದರ ಮಿತಿ 30 ಮೀಟರ್. ಕಚೇರಿ ಮಹಡಿಗೆ ಬೇಕಾದದ್ದು ಗೋಡೆಯೊಳಗೆ 90 ಮೀಟರ್, ಪ್ಯಾಚ್ ಕಾರ್ಡ್ ಸೇರಿ 100. ಕ್ಯಾಟ್ 7ಅನ್ನು ಅಮೆರಿಕದ ದೂರಸಂಪರ್ಕ ಉದ್ಯಮ ಸಂಘ ಟಿಐಎ ತನ್ನ ಮಾನದಂಡದಲ್ಲಿ ಒಪ್ಪಿಕೊಂಡೇ ಇಲ್ಲ. ಆಕ್ಸೆಸ್ ಪಾಯಿಂಟ್‌ಗಳಿಗೆ ಕ್ಯಾಟ್ 6ಎ ಹಾಕಿ ಎಂದು ಅದೇ ಟಿಐಎ 2013ರಲ್ಲೇ ಸಲಹೆ ಕೊಟ್ಟಿದೆ, ಅದು ಸರಿ. ಮೇಜುಗಳಿಗೆ ಕ್ಯಾಟ್ 6 ಧಾರಾಳ ಸಾಕು.

ಟಿಐಎಯ ಕೇಬಲಿಂಗ್ ಮಾನದಂಡ ಹುಟ್ಟಿದ ಉದ್ದೇಶವನ್ನು ನೆನೆದರೆ ಮಾರುವವರ ವಾದ ಇನ್ನೂ ಸಡಿಲವಾಗುತ್ತದೆ. 1980ರ ದಶಕದಲ್ಲಿ ಒಂದೊಂದು ಕಂಪ್ಯೂಟರ್ ಕಂಪನಿಗೂ ಒಂದೊಂದು ಬಗೆಯ ಕೇಬಲ್. ಯಂತ್ರ ಬದಲಿಸಿದರೆ ಕಟ್ಟಡದ ತಂತಿಯನ್ನೂ ಬದಲಿಸಬೇಕಿತ್ತು. 1991ರಲ್ಲಿ ಬಂದ ಟಿಐಎ 568 ಈ ಗಂಟನ್ನು ಬಿಡಿಸಿತು. ಯಾರ ಯಂತ್ರ ಬಂದರೂ ಹೋದರೂ ಕೇಬಲ್ ಕಟ್ಟಡದ್ದೇ ಭಾಗವಾಗಿ, ನಲ್ಲಿ ಪೈಪಿನ ಹಾಗೆ ಉಳಿಯಬೇಕು ಎಂದಿತು. ಹಾಗೆ ಉಳಿದದ್ದರ ಫಲ 2016ರಲ್ಲಿ ಕಂಡಿತು. ಆ ವರ್ಷ ಬಂದ 802.3ಬಿಝೆಡ್ ಮಾನದಂಡ ಹಳೆಯ ಕ್ಯಾಟ್ 5ಇ ಮೇಲೆ 2.5 ಗಿಗಾಬಿಟ್, ಕ್ಯಾಟ್ 6 ಮೇಲೆ 5 ಗಿಗಾಬಿಟ್ ಓಡಿಸಿತು, ಅದೂ ಪೂರ್ತಿ 100 ಮೀಟರ್. ಒಂದು ಗಜವನ್ನೂ ಬದಲಿಸದೆ ವೇಗ ಎರಡೂವರೆ ಪಟ್ಟು! ಆದರೆ ಈ ಭಾಗ್ಯ ಸಿಕ್ಕಿದ್ದು ಕೇಬಲನ್ನು ನೆಟ್ಟಗೆ ಎಳೆದಿದ್ದ ಕಟ್ಟಡಗಳಿಗೆ. ಕೇಬಲ್‌ನ ಯೋಗ್ಯತೆ ನಿಲ್ಲುವುದು ಡಬ್ಬಿಯ ಮೇಲಿನ ಸಂಖ್ಯೆಗಿಂತ ಹೆಚ್ಚಾಗಿ ಅದನ್ನು ಎಳೆದ ಕೈಯ ಮೇಲೆ.

ಆ ಕೈಯ ಪಾಡು ನೋಡಿ. ಒಳಾಂಗಣದ ಕೆಲಸಕ್ಕೆ ಕೊಟ್ಟ ಗಡುವನ್ನು ಸಿವಿಲ್, ಎಸಿ ಡಕ್ಟ್, ಸ್ಪ್ರಿಂಕ್ಲರ್ ಪೈಪು, ಎಲೆಕ್ಟ್ರಿಕಲ್ ಎಲ್ಲವೂ ತಿಂದು ಉಳಿಸಿದ ದಿನಗಳು ಕೇಬಲಿಂಗ್‌ಗೆ. ಸೀಲಿಂಗ್ ಮುಚ್ಚುವವರು ಹಿಂದೆಯೇ ನಿಂತಿರುತ್ತಾರೆ. ಏಣಿಯ ಮೇಲಿನ ಹುಡುಗನಿಗೆ ಕೂಲಿ ಪಾಯಿಂಟ್ ಲೆಕ್ಕದಲ್ಲಿ. ಎಳೆಯುವ ಬಲ 110 ನ್ಯೂಟನ್ ಮೀರಬಾರದು ಎನ್ನುತ್ತದೆ ಪುಸ್ತಕ, ಎಂದರೆ ಸುಮಾರು 11 ಕಿಲೋ ಭಾರ ಎತ್ತುವಷ್ಟು. ತಿರುವಿನಲ್ಲಿ ಕೇಬಲ್‌ನ ದಪ್ಪದ ನಾಲ್ಕು ಪಟ್ಟಿಗಿಂತ ಬಿಗಿಯಾಗಿ ಬಗ್ಗಿಸಬಾರದು. ಟರ್ಮಿನೇಷನ್ ಮಾಡುವಾಗ ಜೋಡಿಯ ಹೊಸೆತವನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಸಂಜೆಯೊಳಗೆ ನಲವತ್ತು ಪಾಯಿಂಟ್ ಮುಗಿಸು ಎಂದರೆ ಯಾವ ಹುಡುಗ ಮಿಲಿಮೀಟರ್ ಎಣಿಸಿಯಾನು? ತಪ್ಪು ಅವನದಲ್ಲ. ಅತಿ ಕಡಿಮೆ ದರ ಬರೆದವರಿಗೇ ಕೆಲಸ ಎಂದು ನಿರ್ಧರಿಸಿದ ಮೇಜಿನದು.

ಕೆಲಸ ಮುಗಿದ ಮೇಲೆ "ಟೆಸ್ಟಿಂಗ್ ಆಗಿದೆ ಸರ್" ಎನ್ನುತ್ತಾರಲ್ಲ, ಅಲ್ಲಿ ನಾವು ಮೋಸಹೋಗುವುದು ಹೆಚ್ಚು. ಹೆಚ್ಚಿನ ಕಡೆ ಟೆಸ್ಟ್ ಎಂದರೆ ಕೆಲವು ನೂರು ರೂಪಾಯಿಯ ಪುಟ್ಟ ಪೆಟ್ಟಿಗೆ. ಒಂದರಿಂದ ಎಂಟರವರೆಗೆ ಹಸಿರು ದೀಪ ಸಾಲಾಗಿ ಹೊತ್ತಿದರೆ ಪಾಸ್. ಪ್ಯಾಚ್ ಪ್ಯಾನೆಲಿನ ಖರ್ಚು ಉಳಿಸಲು ಎರಡೂ ತುದಿಗೆ ನೇರವಾಗಿ ಪ್ಲಗ್ ಕ್ರಿಂಪ್ ಮಾಡುವ ಕಡೆ ಒಂದು ಚಾಳಿಯಿದೆ. ನಿಯಮದಂತೆ ಮೂರನೇ ಮತ್ತು ಆರನೇ ಪಿನ್ನಿಗೆ ಒಂದೇ ಜೋಡಿಯ ಎರಡು ತಂತಿ ಹೋಗಬೇಕು, ನಡುವಿನ ನಾಲ್ಕು ಐದಕ್ಕೆ ಬೇರೆ ಜೋಡಿ. ಗೊತ್ತಿಲ್ಲದ ಕೈ ಒಂದು-ಎರಡು, ಮೂರು-ನಾಲ್ಕು, ಐದು-ಆರು ಎಂದು ಜೋಡಿಗಳನ್ನು ಸಾಲಾಗಿ ಕೂರಿಸುತ್ತದೆ. ಎರಡೂ ತುದಿಯಲ್ಲಿ ಅದೇ ತಪ್ಪು ಮಾಡಿದರೆ ಒಂದರಿಂದ ಒಂದಕ್ಕೆ, ಎಂಟರಿಂದ ಎಂಟಕ್ಕೆ ಸಂಪರ್ಕ ಸರಿಯಾಗಿಯೇ ಇರುತ್ತದೆ. ಎಂಟೂ ದೀಪ ಹಸಿರು. ಆದರೆ ಸಿಗ್ನಲ್ ಈಗ ಒಟ್ಟಿಗೆ ಹೊಸೆಯದ ಎರಡು ತಂತಿಗಳ ಮೇಲೆ ಹೋಗುತ್ತಿದೆ. ಪಕ್ಕದ ಜೋಡಿಯ ಗದ್ದಲವನ್ನು ತಡೆಯುತ್ತಿದ್ದದ್ದೇ ಆ ಹೊಸೆತ, ಅದು ಕೈಬಿಟ್ಟಿತು. ಸ್ಪ್ಲಿಟ್ ಪೇರ್ ಎಂದು ಕರೆಯುವ ಈ ರೋಗವನ್ನು ಹಸಿರು ದೀಪದ ಪೆಟ್ಟಿಗೆ ಯಾವ ಜನ್ಮಕ್ಕೂ ಹಿಡಿಯಲಾರದು. ಗದ್ದಲವನ್ನೂ ನಷ್ಟವನ್ನೂ ಅಳೆಯುವ ಸರ್ಟಿಫಿಕೇಷನ್ ಟೆಸ್ಟರ್ ಬೇಕು. ಅದರ ಬೆಲೆ ಲಕ್ಷಗಟ್ಟಲೆ, ನಿಜ. ಆದರೆ ಬಾಡಿಗೆಗೆ ಸಿಗುತ್ತದೆ, ಒಂದು ಕೇಬಲ್ ಅಳೆಯಲು ಹತ್ತು ಸೆಕೆಂಡಿನ ಆಸುಪಾಸು ಸಾಕು. ತಯಾರಕರು ಕೊಡುವ ಇಪ್ಪತ್ತು ಇಪ್ಪತ್ತೈದು ವರ್ಷದ ವಾರಂಟಿಯೂ ಈ ವರದಿ ಸಲ್ಲಿಸಿದರೆ ಮಾತ್ರ. ವರದಿಯಿಲ್ಲದೆ ವಾರಂಟಿಯ ಮಾತಾಡುವುದು ಬರಿಯ ಬಾಯಿಮಾತು.

ಅಗ್ಗದ ಡಬ್ಬಿಗಳ ಬಗ್ಗೆ ಎರಡೇ ಮಾತು. ಅಲ್ಯುಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಸಿಸಿಎ ಕೇಬಲನ್ನು ಯಾವ ಮಾನದಂಡವೂ ಒಪ್ಪುವುದಿಲ್ಲ. ಅಲ್ಯುಮಿನಿಯಂನ ವಾಹಕತೆ ತಾಮ್ರದ ಸುಮಾರು ಶೇ. 60 ಅಷ್ಟೇ, ಪಿಓಇ ಹರಿಸಿದರೆ ಹೆಚ್ಚು ಬಿಸಿಯಾಗುತ್ತದೆ, ಬಗ್ಗಿಸಿದರೆ ಬೇಗ ಮುರಿಯುತ್ತದೆ. ಎಸ್.ಪಿ. ರೋಡಿನಲ್ಲಿ ಕೊಳ್ಳಿ, ಇನ್ನೆಲ್ಲೇ ಕೊಳ್ಳಿ, ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ಡಬ್ಬಿಯನ್ನು ಹಿಂತಿರುಗಿಸಿ.

ಈಗ ಶಾಫ್ಟ್. ಮಹಡಿಯಿಂದ ಮಹಡಿಗೆ ಕೇಬಲ್ ಏರುವ ಆ ಕತ್ತಲ ಕೊಳವೆಯ ಬಗ್ಗೆ ಬರೆಯದಿದ್ದರೆ ಬಹುಮಹಡಿ ಕಟ್ಟಡದ ಮಾತು ಮುಗಿಯುವುದಿಲ್ಲ. ಒಬ್ಬ ಬಾಡಿಗೆದಾರ ಬರುತ್ತಾನೆ, ಸ್ಲ್ಯಾಬಿಗೆ ರಂಧ್ರ ಕೊರೆದು ಕೇಬಲ್ ಏರಿಸುತ್ತಾನೆ, ಕೆಲವು ವರ್ಷ ಇದ್ದು ಖಾಲಿ ಮಾಡುತ್ತಾನೆ. ಮುಂದಿನವನು ಹಳೆಯದರ ಮೇಲೆಯೇ ಹೊಸದನ್ನು ಎಳೆಯುತ್ತಾನೆ. ಹಳೆಯದು ಯಾರದೆಂದು ಲೇಬಲ್ ಇಲ್ಲದ್ದರಿಂದ ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಸಾಮಾನ್ಯ ಪಿವಿಸಿ ಹೊದಿಕೆ ಉರಿದರೆ ದಟ್ಟ ಹೊಗೆಯ ಜೊತೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಮುಚ್ಚದ ರಂಧ್ರಗಳ ಶಾಫ್ಟ್ ಅದನ್ನು ಎಲ್ಲ ಮಹಡಿಗೂ ಹಂಚುತ್ತದೆ. ಇದು ಕಲ್ಪನೆಯ ಭಯವಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ ವಿದ್ಯುತ್ ತಂತಿಗಳ ಡಕ್ಟ್‌ನಲ್ಲಿ ಹೊತ್ತಿದ ಬೆಂಕಿಯ ಹೊಗೆ ಮಹಡಿಗಳನ್ನು ತುಂಬಿತು. ಒಂಬತ್ತು ಜನ ಸತ್ತರು. ಉಸಿರುಕಟ್ಟಿ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ಅಲ್ಲಿ ಉರಿದದ್ದು ಡೇಟಾ ಕೇಬಲ್ ಅಲ್ಲ, ಆದರೆ ಹೊಗೆಗೆ ಆ ಭೇದ ತಿಳಿಯದು. ಕಡಿಮೆ ಹೊಗೆಯ ಎಲ್‌ಎಸ್‌ಝೆಡ್‌ಎಚ್ ಹೊದಿಕೆಗೂ ರಂಧ್ರಗಳಿಗೆ ತುಂಬುವ ಬೆಂಕಿ ತಡೆಯುವ ಪುಟ್ಟಿಗೂ ತಗಲುವ ಹೆಚ್ಚುವರಿ ಖರ್ಚನ್ನು "ಅನಗತ್ಯ" ಎಂದು ಹೊಡೆದುಹಾಕುವ ಪೆನ್ನು ಇದನ್ನು ನೆನೆಯಬೇಕು.

"ನಾವು ಐದು ವರ್ಷಕ್ಕೆ ಖಾಲಿ ಮಾಡುವವರು, ನಮಗೇಕೆ ಇಪ್ಪತ್ತೈದು ವರ್ಷದ ಚಿಂತೆ?" ಎಂಬುದು ಬಾಡಿಗೆದಾರರ ಕೊನೆಯ ಪ್ರಶ್ನೆ. ನ್ಯಾಯವಾದದ್ದೇ. ಇದಕ್ಕೆ ಉತ್ತರ ಕೊಡಬೇಕಾದವರು ಮಾಲೀಕರು. ಶಾಫ್ಟ್, ಟ್ರೇ, ಪ್ರತಿ ಮಹಡಿಗೊಂದು ಹಬ್ ರೂಮ್, ಮಹಡಿಗಳ ನಡುವಿನ ಫೈಬರ್, ಇಷ್ಟನ್ನು ಲಿಫ್ಟ್, ಜನರೇಟರ್ ಕೊಡುವಂತೆಯೇ ಕಟ್ಟಡದವರೇ ಕೊಟ್ಟು ಬಾಡಿಗೆಯಲ್ಲಿ ಸೇರಿಸಿಕೊಳ್ಳಲಿ. ಮಹಡಿಯೊಳಗಿನದನ್ನು ಬಾಡಿಗೆದಾರ ಹಾಕಲಿ, ಹೋಗುವಾಗ ತನ್ನ ಕೇಬಲ್ ಕಿತ್ತುಕೊಂಡು ಹೋಗಲಿ. ಬಳಕೆ ನಿಂತ ಕೇಬಲ್ ತೆಗೆಯಬೇಕು ಎಂದು ಅಮೆರಿಕದ ವಿದ್ಯುತ್ ಸಂಹಿತೆ 2002ರಿಂದಲೇ ಹೇಳುತ್ತಿದೆ. ನಮ್ಮ ಗುತ್ತಿಗೆ ಪತ್ರಗಳಲ್ಲಿ ಗೋಡೆಗೆ ಮೊಳೆ ಹೊಡೆಯುವುದರ ಬಗ್ಗೆ ಷರತ್ತು ಇರುತ್ತದೆ, ಶಾಫ್ಟಿನ ಬಗ್ಗೆ ನಾನು ಕಂಡಿಲ್ಲ.

ಅಲ್ಲಿಯವರೆಗೆ, ಸಹಿ ಹಾಕುವ ಅಧಿಕಾರ ನಿಮ್ಮದಾಗಿದ್ದರೆ ಒಂದು ಕೆಲಸ ಮಾಡಿ. ಗುತ್ತಿಗೆದಾರರ ಕೊನೆಯ ಬಿಲ್ ಬಂದಾಗ ಪ್ರತಿ ಕೇಬಲ್‌ನ ಟೆಸ್ಟ್ ವರದಿ, ಎರಡೂ ತುದಿಯ ಲೇಬಲ್‌ಗೆ ಹೊಂದುವ ನಕ್ಷೆ, ಪುಟ್ಟಿ ತುಂಬಿದ ಶಾಫ್ಟಿನ ಫೋಟೊ ಕೇಳಿ. ಈ ಷರತ್ತನ್ನು ಕೆಲಸ ಕೊಡುವ ಮೊದಲೇ ಆರ್ಡರಿನಲ್ಲಿ ಬರೆಸಿ, ಆ ಕೆಲಸಕ್ಕೆ ಬೇಕಾದ ದಿನಗಳನ್ನೂ ದುಡ್ಡನ್ನೂ ಕೊಡಿ. ಕೊಟ್ಟ ಮೇಲೂ ಮೂರರಲ್ಲಿ ಒಂದು ಇಲ್ಲವೆಂದರೆ ಬಿಲ್ಲಿನ ಕೊನೆಯ ಕಂತನ್ನು ತಡೆಹಿಡಿಯಿರಿ.