ಕಡಲ ಬೇಟೆಯೂ ಜೊತೆಗಾರರೂ

ಅಮೆರಿಕದ ಕಾದಂಬರಿಕಾರನಾದ ಅರ್ನೆಸ್ಟ್ ಹೆಮಿಂಗ್ವೇಯು ೧೯೫೨ರಲ್ಲಿ ಪ್ರಕಟಿಸಿದ ‘ದಿ ಓಲ್ಡ್ ಮ್ಯಾನ್ ಅಂಡ್ ದ ಸೀ’ ಎಂಬ ಕಿರುಕಾದಂಬರಿಯು ಕನ್ನಡ ವಾಚಕರಿಗೆ ಅಪರಿಚಿತವಾದುದಲ್ಲ. ಎಂಬತ್ತನಾಲ್ಕು ದಿನಗಳ ಕಾಲ ಒಂದು ಮೀನನ್ನೂ ಕಾಣದ ಕ್ಯೂಬಾದ ಮುದುಕನೊಬ್ಬನು ಒಂಟಿಯಾಗಿ ನಡುಗಡಲಿಗೆ ಹೋಗಿ, ತನ್ನ ದೋಣಿಗಿಂತಲೂ ಎರಡಡಿ ಉದ್ದವಾದ ಮಾರ್ಲಿನ್ ಎಂಬ ಮಹಾಮತ್ಸ್ಯವನ್ನು ಗಾಳಕ್ಕೆ ಸಿಕ್ಕಿಸಿ, ಹಗಲಿರುಳು ಅದರೊಡನೆ ಹೆಣಗಿ ಕೊಂದು, ಹಿಂದಿರುಗುವ ದಾರಿಯಲ್ಲಿ ಅದನ್ನು ಷಾರ್ಕುಗಳ ಬಾಯಿಗೆ ತೆತ್ತು, ಬರಿಯ ಮೂಳೆಯೊಡನೆ ದಡ ಸೇರುವುದೇ ಅದರ ಕಥಾವಸ್ತು. ಈ ಗ್ರಂಥಕ್ಕೆ ೧೯೫೩ರಲ್ಲಿ ಪುಲಿಟ್ಜರ್ ಪಾರಿತೋಷಕವೂ, ಮರುವರ್ಷ ಗ್ರಂಥಕರ್ತನಿಗೆ ನೊಬೆಲ್ ಪಾರಿತೋಷಕವೂ ದೊರೆತುವು. ಏಕಾಂಗಿಯಾದ ಮಾನವನ ಪೌರುಷಕ್ಕೆ ಇದಕ್ಕಿಂತ ಮಿಗಿಲಾದ ಸ್ತೋತ್ರವಿಲ್ಲವೆಂಬುದು ರೂಢಿಯಲ್ಲಿರುವ ಅಭಿಪ್ರಾಯ. ಅಭಿಪ್ರಾಯವು ರೂಢಿಯಾದ ಮಾತ್ರಕ್ಕೆ ಸತ್ಯವಾಗಬೇಕಾಗಿಲ್ಲ.

ಕಡಲನ್ನೇ ಕಾಣದ ಸೀಮೆಯವರಿಗೆ ಇಂತಹ ಗ್ರಂಥದ ತೂಕವನ್ನು ನಿರ್ಣಯಿಸುವ ಅಧಿಕಾರವೆಲ್ಲಿಯದೆಂದು ಯಾರಾದರೂ ಕೇಳಬಹುದು. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಆಂಧ್ರದ ಗಡಿಗೆ ಸಮೀಪದ ಗ್ರಾಮ. ಸುತ್ತಲೂ ಮಾವಿನ ತೋಪು, ಬಂಡೆಗುಡ್ಡ, ಮಳೆಯನ್ನೇ ನಂಬಿದ ಕೆರೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಆದರೂ ಗಾಳವೆಂಬ ಮಾತು ಅಲ್ಲಿನ ಜನರಾಡುವ ಕನ್ನಡಕ್ಕೂ ತೆಲುಗಿಗೂ ಸಮಾನವಾಗಿಯೇ ಇದೆ. ಬೇಸಗೆಯಲ್ಲಿ ನೀರಿಳಿದು ಕೆರೆಯಂಗಳ ಕಿರಿದಾದಾಗ, ಬಲೆಯ ಒಂದು ತುದಿಯನ್ನೊಬ್ಬ, ಇನ್ನೊಂದು ತುದಿಯನ್ನು ಮತ್ತೊಬ್ಬ ಹಿಡಿದು ನಡೆಯುವರು. ಹುಡುಗರು ನೀರನ್ನು ಬಡಿದು ಮೀನನ್ನು ಬಲೆಯ ಕಡೆಗೆ ಅಟ್ಟುವರು. ಬುಟ್ಟಿ ಹೊರುವವರು ಬೇರೆ. ಸಂಜೆ ದಡದ ಮೇಲೆ ಪಾಲಿನ ಜಗಳ ನಡೆಯುವುದುಂಟು. ಆದರೆ ಮೀನನ್ನು ಹಿಡಿದವನು ಯಾರೆಂಬ ಜಗಳವು ಎಂದೂ ನಡೆಯದು. ಆ ಕೆರೆಯನ್ನು ಕಂಡ ವಾಚಕನಿಗೆ ಹೆಮಿಂಗ್ವೇಯನ್ನು ಕೇಳಲು ಒಂದು ಪ್ರಶ್ನೆಯುಂಟು. (ಆ ಕಾದಂಬರಿಯ ಕೊನೆಯಲ್ಲಿ ಪ್ರವಾಸಿಗಳು ಮಾರ್ಲಿನ್ನಿನ ಮೂಳೆಯನ್ನು ಷಾರ್ಕಿನದೆಂದೇ ತಿಳಿದು ಮೆಚ್ಚುವರು. ಅವರು ನಿಂತು ನೋಡುತ್ತಿದ್ದುದು ಕಡಲ ದಡದಲ್ಲಿಯೇ!)

ಮೊದಲು ಈ ಬೇಟೆಯ ಕ್ರಮವನ್ನು ತಿಳಿಯಬೇಕು. ದಡ ಕಾಣದಷ್ಟು ದೂರ ಯಂತ್ರದ ದೋಣಿಯನ್ನು ನಡೆಸಿಕೊಂಡು ಹೋಗಿ, ಅದರ ಹಿಂದೆ ಉದ್ದವಾದ ದಾರಗಳನ್ನು ಬಿಟ್ಟು, ಎರೆಯ ಮೀನು ಅಲೆಗಳ ಮೇಲೆ ಚಿಮ್ಮುತ್ತ ಬರುವಂತೆ ಎಳೆದೊಯ್ಯುವರು. ಮಾರ್ಲಿನ್, ಟ್ಯೂನಾ, ಕತ್ತಿಮೀನು ಮುಂತಾದುವು ಅದನ್ನು ಜೀವಂತ ಮೀನೆಂದು ಭ್ರಮಿಸಿ ಮೇಲೆ ಬೀಳುವುವು. ಸಿಕ್ಕಿದ ಮೀನು ದಾರವನ್ನು ಸೆಳೆದುಕೊಂಡು ಓಡಿದೊಡನೆ ಒಬ್ಬನು ಕುರ್ಚಿಯಲ್ಲಿ ಕುಳಿತು, ಸೊಂಟಕ್ಕೆ ಪಟ್ಟಿ ಬಿಗಿದು, ಕೋಲನ್ನು ಹಿಡಿಯುವನು. ಚುಕ್ಕಾಣಿಯವನು ಮೀನಿನ ಓಟಕ್ಕೆ ತಕ್ಕಂತೆ ದೋಣಿಯನ್ನು ತಿರುಗಿಸದಿದ್ದರೆ ದಾರವು ಕ್ಷಣದಲ್ಲಿ ತುಂಡಾಗುವುದು. ಎರೆ ಕಟ್ಟುವವನು, ಕುರ್ಚಿಯನ್ನು ತಿರುಗಿಸುವವನು, ತಲೆಗೆ ನೀರೆರೆಯುವವನು, ಕೊನೆಯಲ್ಲಿ ಕೊಕ್ಕೆ ಹಾಕುವವನು, ಇವರಲ್ಲಿ ಯಾರೊಬ್ಬರು ತಪ್ಪಿದರೂ ಮೀನಿಲ್ಲ. ಆದರೆ ೧೯೩೯ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸಂಘದ ನಿಯಮದಂತೆ, ಹೋರಾಟದ ನಡುವೆ ಬೇರೊಬ್ಬನು ಕೋಲನ್ನು ಮುಟ್ಟಿದರೂ ಆ ಮೀನು ದಾಖಲೆಗೆ ಸಲ್ಲದು. ಷಾರ್ಕು ಕಚ್ಚಿದುದೂ ಸಲ್ಲದು. ಕೆಲಸ ಅನೇಕರದು, ಹೆಸರು ಒಬ್ಬನದು. ಈ ಸಂಘಕ್ಕೆ ಹೆಮಿಂಗ್ವೇಯೇ ಉಪಾಧ್ಯಕ್ಷನಾಗಿದ್ದನು.

೧೯೩೪ರಲ್ಲಿ ಅವನು ‘ಪಿಲಾರ್’ ಎಂಬ ಮೂವತ್ತೆಂಟು ಅಡಿಯ ದೋಣಿಯನ್ನು ಕೊಂಡು ಮಿತ್ರರನ್ನು ಬೇಟೆಗೆ ಕರೆದೊಯ್ಯುತ್ತಿದ್ದನು. ೧೯೩೫ರಲ್ಲಿ ಬಿಮಿನಿ ದ್ವೀಪದ ಬಳಿ ಅವನ ಮಿತ್ರನಾದ ಚಿತ್ರಕಾರ ಹೆನ್ರಿ ಸ್ಟ್ರೇಟರನ ಗಾಳಕ್ಕೆ ಅತಿ ದೊಡ್ಡ ಮಾರ್ಲಿನ್ ಸಿಕ್ಕಿತು. ಷಾರ್ಕುಗಳು ಮುತ್ತಿದುವು. ಹೆಮಿಂಗ್ವೇಯು ಅವುಗಳ ಮೇಲೆ ಯಂತ್ರದ ಬಂದೂಕಿನಿಂದ ಗುಂಡಿನ ಮಳೆಗರೆದನು. ಆ ರಕ್ತದಿಂದಲೇ ಇನ್ನಷ್ಟು ಷಾರ್ಕುಗಳು ನೆರೆದುವೆಂಬುದು ಸ್ಟ್ರೇಟರನ ಆಕ್ಷೇಪಣೆ. ಮೀನಿನ ಹಿಂಭಾಗವೆಲ್ಲ ಹೋದ ಮೇಲೆ ಉಳಿದುದೇ ಐನೂರು ಪೌಂಡು ತೂಗಿತು. ಅದರ ಪಕ್ಕದಲ್ಲಿ ಹೆಮಿಂಗ್ವೇಯು ನಿಂತ ಛಾಯಾಚಿತ್ರವೂ ಪ್ರಚಾರವಾಯಿತು. ಮೈತ್ರಿಯು ಹಿಂದಿನಂತೆ ಉಳಿಯಲಿಲ್ಲ.

ಮರುವರ್ಷ, ಎಂದರೆ ೧೯೩೬ರಲ್ಲಿ, ‘ಎಸ್ಕ್ವೈರ್’ ಪತ್ರಿಕೆಗೆ ಬರೆದ ಲೇಖನವೊಂದರಲ್ಲಿ ಮುದುಕನ ಕಥೆಯ ಬೀಜವು ಮೊದಲು ಕಾಣಿಸಿಕೊಳ್ಳುವುದು. ವಿಮರ್ಶಕರು ಇಲ್ಲಿ ಕೊಂಚ ನಿಲ್ಲಬೇಕು. ಆ ಲೇಖನದ ಮುದುಕನು ತಾನಾಗಿಯೇ ದಡ ಸೇರಿದವನಲ್ಲ. ಷಾರ್ಕುಗಳು ಮೀನನ್ನು ಹರಿದು ತಿನ್ನುತ್ತಿರಲು, ಸೋತು, ಅರೆಹುಚ್ಚನಂತೆ ದೋಣಿಯಲ್ಲಿ ಅಳುತ್ತಿದ್ದವನನ್ನು ಬೇರೆ ಬೆಸ್ತರು ಕಂಡು ಕಾಪಾಡಿದರು. ಹದಿನಾರು ವರ್ಷಗಳ ತರುವಾಯ ಗ್ರಂಥವಾದಾಗ ಆ ಬೆಸ್ತರು ಕಥೆಯಿಂದ ಮಾಯವಾದರು, ಅಳುವೂ ಮಾಯವಾಯಿತು. ಕವಿಗೆ ವಸ್ತುವನ್ನು ಮಾರ್ಪಡಿಸುವ ಸ್ವಾತಂತ್ರ್ಯವುಂಟು, ಅದನ್ನು ಯಾರೂ ಅಲ್ಲಗಳೆಯರು. ಆದರೆ ಏನನ್ನು ತೆಗೆದನೆಂಬುದನ್ನು ಗಮನಿಸದೆ ಅವನ ದೃಷ್ಟಿಯನ್ನು ತಿಳಿಯಲಾಗದು. ವೀರರಸವನ್ನು ಶುದ್ಧಗೊಳಿಸುವುದಕ್ಕಾಗಿ ಸಹಾಯಕರನ್ನು ಹೊರದೂಡಿದನು.

ಹೊರದೂಡಿದರೂ ಅವರು ಹೋದರೇ? ಈ ಗ್ರಂಥದ ಹಿರಿಮೆಯಿರುವುದು ಇಲ್ಲಿಯೇ ಎಂದು ತೋರುವುದು. ನಲವತ್ತು ದಿನ ಜೊತೆಗಿದ್ದ ಹುಡುಗನನ್ನು ತಂದೆತಾಯಿಗಳು ಬೇರೆ ದೋಣಿಗೆ ಸೇರಿಸಿದ ಮೇಲೆ ಮುದುಕನು ಒಂಟಿಯಾದವನು. ನಡುಗಡಲಲ್ಲಿ ಕೈ ಮರಗಟ್ಟಿದಾಗ, ದಾರವು ಬೆನ್ನನ್ನು ಕೊಯ್ದಾಗ, ಹುಡುಗನಿರಬೇಕಾಗಿತ್ತೆಂದು ಅವನು ಮತ್ತೆ ಮತ್ತೆ ಹಲುಬುವನು. ಆ ಹಲುಬುವಿಕೆಯನ್ನು ತೆಗೆದರೆ ಉಳಿಯುವುದು ಬರಿಯ ಉತ್ಸಾಹ. ಇಟ್ಟರೆ ವೀರದೊಳಗಿಂದ ಕರುಣವು ಜಿನುಗುವುದು. ಹೀಗಿರಲು ಇದನ್ನು ಏಕಾಂಗಿತನದ ಸ್ತೋತ್ರವೆನ್ನುವವರು ಪುಟಪುಟದಲ್ಲಿಯೂ ಇರುವ ಮಾತನ್ನು ಓದದೆ ದಾಟಿದವರು.

ಇದೇ ಗ್ರಂಥಕರ್ತನ ಇನ್ನೊಂದು ಮೀನು ಹೆಚ್ಚು ಜನರ ಕಣ್ಣಿಗೆ ಬಿದ್ದಿಲ್ಲ. ಅವನು ಸಂಕಲ್ಪಿಸಿದ್ದ ದೊಡ್ಡ ಸಮುದ್ರಗ್ರಂಥದಲ್ಲಿ ಮುದುಕನ ಕಥೆಯೂ ಒಂದು ಭಾಗ. ಆ ಭಾಗವು ಹೊರಬಂದು ಕೀರ್ತಿ ಪಡೆಯಿತು. ಉಳಿದುದು ಅವನು ತೀರಿಕೊಂಡ ಮೇಲೆ ೧೯೭೦ರಲ್ಲಿ ‘ಐಲಂಡ್ಸ್ ಇನ್ ದ ಸ್ಟ್ರೀಮ್’ ಎಂಬ ಹೆಸರಿನಿಂದ ಪ್ರಕಟವಾಯಿತು. ಒಟ್ಟಂದದಲ್ಲಿ ಅದು ಸಡಿಲವಾದ ಕೃತಿಯೆಂಬುದು ನಿಜ. ಆದರೆ ಅದರ ಮೊದಲ ಭಾಗದಲ್ಲಿ ಡೇವಿಡ್ ಎಂಬ ಬಾಲಕನು ಕತ್ತಿಮೀನೊಂದರೊಡನೆ ಗಂಟೆಗಟ್ಟಲೆ ಹೋರಾಡುವ ಪ್ರಸಂಗವಿದೆ. ತಂದೆಯು ಮೇಲಿನಿಂದ ದೋಣಿಯನ್ನು ನಡೆಸುವನು. ತಂದೆಯ ಮಿತ್ರನಾದ ರೋಜರ್ ಹುಡುಗನ ಪಕ್ಕವನ್ನು ಬಿಡದೆ ಮೃದುವಾಗಿ ಬುದ್ಧಿ ಹೇಳುವನು. ಅಣ್ಣತಮ್ಮಂದಿರು ತಳಮಳಿಸುವರು. ಹುಡುಗನ ಅಂಗೈ ಅಂಗಾಲುಗಳಲ್ಲಿ ರಕ್ತ ಬರುತ್ತಿದ್ದರೂ ಕೋಲನ್ನು ಬೇರಾರೂ ಕೈಗೆ ತೆಗೆದುಕೊಳ್ಳುವಂತಿಲ್ಲ. ನೆರವಾಗಬೇಕೆಂಬ ಪ್ರೀತಿಗೂ ಮುಟ್ಟಬಾರದೆಂಬ ನಿಯಮಕ್ಕೂ ನಡುವೆ ಆ ಹಿರಿಯರು ಪಡುವ ಸಂಕಟವು ಮುದುಕನ ಕಥೆಯಲ್ಲಿ ಎಲ್ಲಿಯೂ ಇಲ್ಲ. ಕೇವಲ ಕಲೆಯ ಬಿಗುಪಿನಲ್ಲಿ ಮುದುಕನದೇ ಮೇಲು. ಬೇಟೆಯ ಸತ್ಯವು ಎಲ್ಲಿದೆಯೆಂದು ಕೇಳಿದರೆ ಬಾಲಕನ ಪ್ರಸಂಗವನ್ನೇ ತೋರಿಸಬೇಕಾಗುವುದು.

ಕನ್ನಡನಾಡಿಗೆ ಈ ವಸ್ತುವು ಹೊಸತೇನೂ ಅಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ವಿನೋದಭಾಗದಲ್ಲಿ ಮತ್ಸ್ಯವಿನೋದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಕಡಲಿನವು, ಹೊಳೆಯವು ಎಂಬ ಭೇದ, ಆಯಾ ಮೀನಿಗೆ ಒಪ್ಪುವ ಆಹಾರ, ದಾರ, ಗಾಳ, ಎಲ್ಲವೂ ಅಲ್ಲುಂಟು. ಮೀನುಗಳ ಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಇದನ್ನು ಕುರಿತು ಬರೆದು ವಿದ್ವಾಂಸರ ಗಮನಕ್ಕೆ ತಂದರು. ಶಾಸ್ತ್ರವಾಗಿ ಅದು ಅಮೂಲ್ಯ. ಆದರೆ ವಿನೋದವು ಅರಸನದು. ಅವನಿಗಾಗಿ ದುಡಿದ ಕೈಗಳು ಹೆಸರಿಲ್ಲದೆ ಹೋದುವು. ಕುರ್ಚಿಯಲ್ಲಿ ಕುಳಿತ ಬೇಟೆಗಾರನ ಪೂರ್ವಜನನ್ನು ಬಿಮಿನಿಯಲ್ಲಿಯೇ ಹುಡುಕಬೇಕಾಗಿಲ್ಲ.

ಇದಕ್ಕೆ ಪ್ರತಿಯಾಗಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’ ಗ್ರಂಥವನ್ನು ನೋಡಬೇಕು. ಗಾಳ ಹಾಕುವುದರಲ್ಲಿ ಪಳಗಿದ್ದ ಗ್ರಂಥಕರ್ತರು ಮಿತ್ರರೊಡನೆ ದ್ವೀಪಗಳಿಗೆ ಹೋದ ಕಥನವದು. ಅಲ್ಲಿ ವೀರರಸವನ್ನು ಹುಡುಕುವವರಿಗೆ ನಿರಾಶೆಯೇ ಗತಿ; ಹಾಸ್ಯವೇ ಮುಂದು. ಲೇಖಕರು ತಮ್ಮನ್ನು ನಾಯಕನ ಪೀಠದಲ್ಲಿ ಕೂರಿಸಿಕೊಳ್ಳರು, ಜೊತೆಗಾರರನ್ನು ಪುಟದಿಂದ ಹೊರಗೆ ನೂಕರು. ಇದನ್ನು ಹಗುರವಾದ ಪ್ರವಾಸಸಾಹಿತ್ಯವೆಂದು ಬದಿಗಿರಿಸಿ, ಗಂಭೀರತೆಗೆ ಮುದುಕನ ಒಂಟಿದೋಣಿಯೇ ಬೇಕೆನ್ನುವ ಅಭಿರುಚಿಯು ಕನ್ನಡ ವಿಮರ್ಶೆಗೆ ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸುವ ಕಾಲ ಬಂದಿದೆ. ಒಬ್ಬನನ್ನು ಎತ್ತಿ ಹಿಡಿದು ಉಳಿದವರನ್ನು ಮರೆಯುವ ಓದಿಗೆ ಒಗ್ಗಿದವರು ನಾಳೆ ಕೆರೆಯ ಕಥೆಯನ್ನು ಬರೆದರೂ ಬಲೆಯ ಒಂದೇ ತುದಿಯನ್ನು ಬರೆದಾರು.

ಡೇವಿಡನ ಕತ್ತಿಮೀನು ಕೊನೆಗೂ ದಕ್ಕಲಿಲ್ಲ. ದೋಣಿಯ ಪಕ್ಕಕ್ಕೆ ಬಂದಾಗ ಗಾಳವು ಕಳಚಿತು. ಎಡ್ಡಿಯೆಂಬ ಅಡಿಗೆಯವನು ಕೊಕ್ಕೆಯೊಡನೆ ನೀರಿಗೇ ಧುಮುಕಿದನು, ಪ್ರಯೋಜನವಾಗಲಿಲ್ಲ. ಹುಡುಗನು ಆ ಮೀನನ್ನು ತಾನು ಪ್ರೀತಿಸಿದೆನೆಂದು ಹೇಳಿ ಮಲಗುವನು. ಎಡ್ಡಿಯು ಮಾತ್ರ ಆ ರಾತ್ರಿ ಊರಿನ ಹೆಂಡದಂಗಡಿಗೆ ಹೋಗಿ, ಮೀನು ಅಷ್ಟು ದೊಡ್ಡದಾಗಿತ್ತೆಂಬುದನ್ನು ನಂಬದವರೊಡನೆ ಹೊಡೆದಾಡಿ, ಮುಖ ಜಜ್ಜಿಸಿಕೊಂಡು ಹಿಂದಿರುಗುವನು.