ರಟ್ಟಿನ ಬೆನ್ನು ನೋಡಿ

ಹಳೆಯ ಫೋಟೊ ಮಾರುವವರಲ್ಲಿ ಒಂದು ಚಾಳಿ ಬೇರುಬಿಟ್ಟಿದೆ. ಪೇಟ ಸುತ್ತಿ ಮೀಸೆ ತಿರುವಿದ ಗಣ್ಯರೊಬ್ಬರ ಕ್ಯಾಬಿನೆಟ್ ಕಾರ್ಡ್ (ರಟ್ಟಿಗೆ ಅಂಟಿಸಿದ ಫೋಟೊ) ಕೈಗೆ ಬಂದರೆ ಸಾಕು, ‘ಸುಮಾರು 1870’ ಎಂದು ಚೀಟಿ ಅಂಟಿಸಿಬಿಡುತ್ತಾರೆ. ಅದೇ ಕಾರ್ಡಿನ ಕೆಳಗೆ ‘ರಾಜಾ ದೀನ್ ದಯಾಳ್ ಅಂಡ್ ಸನ್ಸ್, ಸಿಕಂದರಾಬಾದ್, ಬಾಂಬೆ’ ಎಂದು ಅಚ್ಚಾಗಿದ್ದರೂ ಓದುವ ಗೋಜಿಗೆ ಹೋಗುವುದಿಲ್ಲ. ಛಾಯಾಗ್ರಾಹಕ ದೀನ್ ದಯಾಳರ ಹೆಸರಿಗೆ ‘ರಾಜಾ’ ಸೇರಿದ್ದು 1894ರಲ್ಲಿ, ಹೈದರಾಬಾದಿನ ಆರನೇ ನಿಜಾಮ ಮಹಬೂಬ್ ಅಲಿ ಖಾನರು ಬಿರುದು ಕೊಟ್ಟ ಮೇಲೆ. ಮುಂಬೈ ಸ್ಟುಡಿಯೋ ಶುರುವಾದದ್ದು 1896ರಲ್ಲಿ. ಅಂದಮೇಲೆ ಆ ರಟ್ಟು 1896ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಒಂದು ಸಾಲು ಓದದೆ ಬಿಟ್ಟದ್ದಕ್ಕೆ ಕಾಲು ಶತಮಾನದ ತಪ್ಪು.

ಈ ವಾರದ ಅಂಕಣ ರಟ್ಟಿನ ಮೂಲೆ, ಅಂಚು, ದಪ್ಪಗಳ ಬಗ್ಗೆ ಎಂದು ಗೊತ್ತುಮಾಡಿಯಾಗಿತ್ತು. ಅದನ್ನು ಬೇಗ ಮುಗಿಸಬಹುದು. ನಾಲ್ಕೂಕಾಲು ಇಂಚು ಅಗಲ, ಆರೂವರೆ ಇಂಚು ಎತ್ತರದ ಕ್ಯಾಬಿನೆಟ್ ಕಾರ್ಡ್ ಚಾಲ್ತಿಗೆ ಬಂದದ್ದು 1866ರ ಸುಮಾರಿಗೆ, ಲಂಡನ್ನಿನಲ್ಲಿ. ಮೊದಲ ವರ್ಷಗಳ ರಟ್ಟು ತೆಳು, ಮೂಲೆ ಚೌಕ. ಆಮೇಲೆ ಮೂಲೆ ದುಂಡಗಾಯಿತು, ರಟ್ಟು ದಪ್ಪವಾಯಿತು. 1880ರ ದಶಕದಲ್ಲಿ ಇಳಿಜಾರಾಗಿ ಕತ್ತರಿಸಿದ ಚಿನ್ನದ ಅಂಚು, ಕಡು ಹಸಿರು, ಕಪ್ಪು, ಮರೂನ್ ಬಣ್ಣಗಳು ಬಂದವು. 1890ರ ದಶಕಕ್ಕೆ ಅಲೆಯಲೆಯಾದ ಅಂಚು. ಇದೆಲ್ಲ ಇಂಗ್ಲೆಂಡ್, ಅಮೆರಿಕಗಳ ಲೆಕ್ಕ. ಅಲ್ಲಿ ಕೂಡ ಕೊಂಡಿಟ್ಟ ರಟ್ಟು ಖರ್ಚಾಗುವವರೆಗೆ ಸ್ಟುಡಿಯೋದವರು ಹೊಸದನ್ನು ತರಿಸುತ್ತಿರಲಿಲ್ಲ. ಹಡಗಿನಲ್ಲಿ ತರಿಸಬೇಕಾದ ನಮ್ಮ ಕಡೆ ಇನ್ನೂ ತಡ. ಆದ್ದರಿಂದ ಮೂಲೆಯ ಆಕಾರವೊಂದನ್ನೇ ನಂಬಿ ಇಸವಿ ಹೇಳುವವರ ಮಾತಿಗೆ ಹತ್ತು ವರ್ಷ ಆಚೀಚೆ ಬಿಟ್ಟುಕೊಳ್ಳಬೇಕು.

ನಿಜವಾದ ಜಗಳ ಇರುವುದು ಉಡುಪು ನೋಡಿ ಕಾಲ ಹೇಳುವ ಪಂಥದ ಜೊತೆ. ಅವರ ಕೈಪಿಡಿಗಳೆಲ್ಲ ಲಂಡನ್, ನ್ಯೂಯಾರ್ಕಿನ ಹೆಂಗಸರ ಉಡುಪಿನ ಮೇಲೆ ನಿಂತಿವೆ. ಭುಜದ ಬಳಿ ಬುಗ್ಗೆಯಂತೆ ಉಬ್ಬಿದ ತೋಳಿದ್ದರೆ 1895ರ ಆಸುಪಾಸು, ಸೊಂಟದ ಹಿಂದೆ ಉಬ್ಬು ಕಟ್ಟಿದ ಲಂಗವಿದ್ದರೆ 1880ರ ದಶಕದ ನಡುವೆ. ಆ ಊರುಗಳ ಮಟ್ಟಿಗೆ ಇದು ಒಳ್ಳೆಯ ವಿದ್ಯೆಯೇ. ಒಂಬತ್ತು ಗಜದ ಸೀರೆಗೆ, ಜರಿ ರುಮಾಲಿಗೆ, ಶೆರ್ವಾನಿಗೆ ಅದೇ ಪಟ್ಟಿಯನ್ನು ಹಿಡಿದು ಇಸವಿ ಕಟ್ಟುವುದು ಶುದ್ಧ ಅವಿವೇಕ. ಅಜ್ಜಿಯ ಸೀರೆಯನ್ನೇ ಮೊಮ್ಮಗಳು ಉಟ್ಟು ಕ್ಯಾಮೆರಾ ಮುಂದೆ ಕೂತ ನಾಡಿದು. ಮೈಮೇಲಿನ ವಸ್ತುಗಳಲ್ಲಿ ನಂಬಬಹುದಾದದ್ದು ಪದಕ ಮಾತ್ರ. ಎದೆಯ ಮೇಲೆ 1903ರ ದೆಹಲಿ ದರ್ಬಾರಿನ ಪದಕ ಕಂಡರೆ ಚಿತ್ರ ಅದಕ್ಕಿಂತ ಹಳೆಯದಲ್ಲ. ಪದಕಕ್ಕೆ ಸರ್ಕಾರಿ ದಾಖಲೆಯ ಬಲವಿದೆ, ರುಮಾಲಿಗೆ ಇಲ್ಲ.

ಕಾಲ ನಿರ್ಣಯಕ್ಕೆ ಸರಿಯಾದ ದಾರಿ ಛಾಯಾಗ್ರಾಹಕನ ಬಾಳನ್ನು ಹುಡುಕುವುದು. ದೀನ್ ದಯಾಳ್ ಹುಟ್ಟಿದ್ದು 1844ರಲ್ಲಿ, ಮೀರತ್ ಬಳಿಯ ಸರ್ಧನಾದ ಜೈನ ಮನೆತನದಲ್ಲಿ. ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಇಂದೋರಿನ ಲೋಕೋಪಯೋಗಿ ಕಚೇರಿಯಲ್ಲಿ ಅಂದಾಜು ಲೆಕ್ಕ ಬರೆಯುವ, ನಕ್ಷೆ ತೆಗೆಯುವ ಕೆಲಸಕ್ಕೆ ಸೇರಿದರು. ಕ್ಯಾಮೆರಾ ಹಿಡಿದದ್ದು ಅಲ್ಲಿ. 1882ರಲ್ಲಿ ಬ್ರಿಟಿಷ್ ಅಧಿಕಾರಿ ಲೆಪೆಲ್ ಗ್ರಿಫಿನ್ ಜೊತೆ ಬುಂದೇಲಖಂಡ ಸುತ್ತಿ ಸ್ಮಾರಕಗಳನ್ನು ಸೆರೆಹಿಡಿದರು. 1885ರಲ್ಲಿ ವೈಸರಾಯ್ ಡಫರಿನ್ ಅವರ ಛಾಯಾಗ್ರಾಹಕರಾಗಿ ನೇಮಕಗೊಂಡರು. ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದದ್ದು 1886ರಲ್ಲಿ. ತೀರಿಕೊಂಡದ್ದು 1905ರ ಜುಲೈನಲ್ಲಿ.

ಈ ಇಸವಿಗಳನ್ನು ರಟ್ಟಿನ ಪಕ್ಕ ಇಟ್ಟರೆ ಗಂಟು ತಾನಾಗಿ ಬಿಡಿಸಿಕೊಳ್ಳುತ್ತದೆ. ಇಂದೋರ್ ಒಂದೇ ಊರು ಅಚ್ಚಾಗಿದ್ದರೆ ಮೊದಲ ಕಾಲದ್ದು, ಸಿಕಂದರಾಬಾದ್ ಸೇರಿದ್ದರೆ 1886ರ ನಂತರದ್ದು. ಪರದೆಯ ಹೆಂಗಸರಿಗೆಂದೇ ಹೈದರಾಬಾದಿನಲ್ಲಿ 1892ರಲ್ಲಿ ದೀನ್ ದಯಾಳರ ಜನಾನಾ ಸ್ಟುಡಿಯೋ ಶುರುವಾಯಿತು. ಕೆನ್ನಿ-ಲೆವಿಕ್ ಎಂಬ ಬ್ರಿಟಿಷ್ ಮಹಿಳೆ ಅದನ್ನು ನೋಡಿಕೊಳ್ಳುತ್ತಿದ್ದರು. ದೀನ್ ದಯಾಳ್ ಸಂಸ್ಥೆಯ ರಟ್ಟಿನ ಮೇಲೆ ಗೋಷಾ (ಪರದೆ) ಪಾಲಿಸುವ ಮನೆತನದ ಹೆಣ್ಣುಮಗಳ ಚಿತ್ರ ಕಂಡರೆ, ಅದನ್ನು 1892ಕ್ಕಿಂತ ಹಿಂದಕ್ಕೆ ತಳ್ಳುವ ಮೊದಲು ಗಟ್ಟಿ ಆಧಾರ ಕೇಳಬೇಕು.

ಹೆಸರಿನಲ್ಲೂ ಎಚ್ಚರ ಬೇಕು. ಕ್ಲಾರ್ಕ್ ವರ್ಸ್‌ವಿಕ್ 1980ರಲ್ಲಿ ತಂದ ‘ಪ್ರಿನ್ಸ್ಲಿ ಇಂಡಿಯಾ’ ಪುಸ್ತಕದ ಉಪಶೀರ್ಷಿಕೆ ದೀನ್ ದಯಾಳರ ಚಿತ್ರಗಳ ಕಾಲವನ್ನು 1884ರಿಂದ 1910ರವರೆಗೆ ಎಂದು ಕೊಡುತ್ತದೆ. ಒಡೆಯ ತೀರಿಕೊಂಡು ಐದು ವರ್ಷವಾದ ಮೇಲೂ ಅಂಗಡಿಯ ಹೆಸರು ಚಿತ್ರ ತೆಗೆಯುತ್ತಲೇ ಇತ್ತು. ದೀಪಾಲಿ ದೀವಾನ್ ಮತ್ತು ಡೆಬೊರಾ ಹಟನ್ 2013ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥ ಈ ಕಾರಣಕ್ಕೇ ಈ ಅಂಕಣಕ್ಕೆ ಪ್ರಿಯ. ಒಬ್ಬ ಮಹಾಪುರುಷನ ಕಥೆಯ ಬದಲು, ಹಲವರು ದುಡಿದ ಒಂದು ಸ್ಟುಡಿಯೋವನ್ನು ಅದು ಕಣ್ಣ ಮುಂದೆ ತರುತ್ತದೆ. ‘ದೀನ್ ದಯಾಳ್ ತೆಗೆದದ್ದು’ ಎಂದು ಬರೆಯುವವರು ಅದನ್ನು ಒಮ್ಮೆ ಓದಬೇಕು.

ಉಡುಪಿನ ಪಂಥಕ್ಕೆ ಇನ್ನೊಂದು ಪರೀಕ್ಷೆ ಒಡ್ಡಬಹುದು: ಸನ್ಯಾಸಿಯ ಭಾವಚಿತ್ರಕ್ಕೆ ಹೇಗೆ ಇಸವಿ ಹೇಳುತ್ತಾರೆ? ಸ್ವಾಮಿ ವಿವೇಕಾನಂದರು 1892ರ ಅಕ್ಟೋಬರಿನಲ್ಲಿ ಬೆಳಗಾವಿಯಲ್ಲಿ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿದ್ದಾಗ ಒಂದು ಚಿತ್ರ ತೆಗೆಸಿಕೊಂಡರು. ಮರುವರ್ಷ ಸೆಪ್ಟೆಂಬರಿನ ಸರ್ವಧರ್ಮ ಸಮ್ಮೇಳನದ ಹೊತ್ತಿಗೆ ಷಿಕಾಗೊದ ಥಾಮಸ್ ಹ್ಯಾರಿಸನ್ ಸ್ಟುಡಿಯೋದಲ್ಲಿ ಹಲವು ಭಂಗಿಗಳಲ್ಲಿ ಕ್ಯಾಮೆರಾ ಮುಂದೆ ನಿಂತರು. ಕೈ ಕಟ್ಟಿ ನಿಂತ ಆ ಚಿತ್ರ ಕನ್ನಡದ ಎಷ್ಟೋ ಮನೆಗಳ ಗೋಡೆಯಲ್ಲಿದೆ. ಅವರ ಕೈಬರಹ ಇರುವ ಹ್ಯಾರಿಸನ್ ಕ್ಯಾಬಿನೆಟ್ ಕಾರ್ಡುಗಳೂ ಉಳಿದಿವೆ. ಕಾವಿಗೆ ಫ್ಯಾಶನ್ನಿನ ಪಟ್ಟಿ ಇಲ್ಲ. ಇಲ್ಲಿ ಕಾಲ ಹೇಳುವುದು ಸ್ಟುಡಿಯೋದ ಅಚ್ಚು, ಪ್ರಯಾಣದ ದಿನಗಳು, ಆತಿಥ್ಯ ಕೊಟ್ಟವರ ನೆನಪು. ಅಚ್ಚನ್ನು ಕತ್ತರಿಸಿ ಮರುಮುದ್ರಿಸಿದ ಪ್ರತಿಗಳಲ್ಲಿ ಪೇಟ ಕಂಡ ಕೂಡಲೇ ‘ಷಿಕಾಗೊ 1893’ ಎಂದು ಬರೆಯುವ ತಪ್ಪು ಹಬ್ಬಿದ್ದು ಬೆನ್ನು ಕಳೆದುಹೋದದ್ದರಿಂದಲೇ.

ರಟ್ಟಿನ ಬೆನ್ನಿನ ಮೇಲೆ ಇನ್ನೂ ನೇರವಾದ ಸಾಕ್ಷಿ ಬೇಕೆನ್ನುವವರು ಅಮೆರಿಕವನ್ನು ನೋಡಬಹುದು. ಅಂತರ್ಯುದ್ಧದ ಖರ್ಚಿಗೆಂದು ಅಲ್ಲಿನ ಸರ್ಕಾರ ಫೋಟೊಗಳ ಮೇಲೂ ತೆರಿಗೆ ಹಾಕಿತು. 1864ರ ಸೆಪ್ಟೆಂಬರ್ 1ರಿಂದ 1866ರ ಆಗಸ್ಟ್ 1ರವರೆಗೆ ಮಾರಿದ ಚಿತ್ರದ ಹಿಂದೆ ತೆರಿಗೆ ಚೀಟಿ ಅಂಟಿಸಿ, ಅದನ್ನು ಗೀಚಿ ರದ್ದುಮಾಡಬೇಕಿತ್ತು. ಕೆಲವರು ಗೀಚುವಾಗ ತಾರೀಖನ್ನೂ ಬರೆದರು. ಆ ಎರಡು ವರ್ಷಗಳ ಎಷ್ಟೋ ಪುಟ್ಟ ಕಾರ್ಡುಗಳಿಗೆ ಹೀಗೆ ಕಾಲ ದಕ್ಕಿದೆ.

ಇಷ್ಟಾದರೂ ರಟ್ಟು ಹೇಳುವುದು ಪ್ರತಿ ತೆಗೆದ ಕಾಲವನ್ನು, ಕ್ಯಾಮೆರಾ ಮುಂದೆ ಕೂತ ಕಾಲವನ್ನಲ್ಲ. ಗಾಜಿನ ನೆಗೆಟಿವ್‌ಗಳನ್ನು ಸ್ಟುಡಿಯೋಗಳು ಜೋಪಾನವಾಗಿಟ್ಟು, ಬೇಕಾದಾಗ ಪ್ರತಿ ಕೊಡುತ್ತೇವೆಂದು ರಟ್ಟಿನ ಹಿಂದೆಯೇ ಅಚ್ಚು ಹಾಕಿಸುತ್ತಿದ್ದವು. ದೀನ್ ದಯಾಳರ 2,857 ಗಾಜಿನ ನೆಗೆಟಿವ್‌ಗಳು ಇಂದು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ತೀರಿಕೊಂಡ ಹಿರಿಯರ ಹಳೆಯ ನೆಗೆಟಿವ್‌ನಿಂದ ಹೊಸ ರಟ್ಟಿನ ಮೇಲೆ ಪ್ರತಿ ತೆಗೆಸುವುದು ಮನೆಗಳಲ್ಲಿ ಸಹಜವಾಗಿತ್ತು. ಆಗ ಕಾಗದವನ್ನು ಕೇಳಬೇಕು. ಮೊಟ್ಟೆಯ ಬಿಳಿ ಲೇಪಿಸಿದ ಆಲ್ಬುಮೆನ್ ಕಾಗದ ಬಲು ತೆಳು, ಅಂಟಿಸದಿದ್ದರೆ ಸುರುಳಿ ಸುತ್ತುತ್ತದೆ. ಅದರ ಬಿಳಿಯ ಭಾಗಗಳು ಹಳದಿಗೆ ತಿರುಗಿರುತ್ತವೆ, ಭೂತಗನ್ನಡಿಯಲ್ಲಿ ನವಿರಾದ ಬಿರುಕು ಕಾಣುತ್ತದೆ. 1890ರ ದಶಕದಲ್ಲಿ ಜೆಲಾಟಿನ್, ಕೊಲೋಡಿಯನ್ ಕಾಗದಗಳು ಅದನ್ನು ಹಿಂದಕ್ಕೆ ಸರಿಸಿದವು.

ಕಲಬುರಗಿ, ಬೀದರ್, ರಾಯಚೂರು ಆಗ ನಿಜಾಮರ ಸೀಮೆ. ಕಲಬುರಗಿ ಕೋಟೆಯ ಚಿತ್ರಗಳು ದೀನ್ ದಯಾಳರ ಸಂಗ್ರಹದಲ್ಲಿವೆ. ಆ ಕಡೆಯ ಹಳೆಯ ಮನೆಗಳಲ್ಲಿ ಸಿಕಂದರಾಬಾದಿನ ರಟ್ಟುಗಳು ಇರುವ ಸಂಭವ ಹೆಚ್ಚು. ಅಂಥವು ಸಿಕ್ಕರೆ ಫ್ರೇಮಿಗೆ ಹೊಂದಿಸಲು ಅಂಚು ಕತ್ತರಿಸಬೇಡಿ, ಚಿತ್ರವನ್ನು ರಟ್ಟಿನಿಂದ ಕೀಳಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಎರಡೂ ಮಗ್ಗುಲುಗಳನ್ನು ಸ್ಕ್ಯಾನ್ ಮಾಡಿಸಿ, ಚಿತ್ರದಲ್ಲಿರುವವರ ಹೆಸರನ್ನು ಮನೆಯ ಹಿರಿಯರಿಂದ ಕೇಳಿ ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ.