ಗುಪ್ತ ಕ್ಯಾಮೆರಾ ಮತ್ತು ಸತ್ಯಾಣುವ್ರತ

ಕನ್ನಡ ಸುದ್ದಿವಾಹಿನಿಗಳ ತನಿಖಾ ವರದಿಗಾರಿಕೆಯನ್ನು ವಿಮರ್ಶಿಸುವಾಗ ವಿಜಯಲಕ್ಷ್ಮಿ ಶಿಬರೂರು ಅವರ ಹೆಸರನ್ನು ಬಿಡುವಂತಿಲ್ಲ. ಸುವರ್ಣ ನ್ಯೂಸ್‌ನ ‘ಕವರ್ ಸ್ಟೋರಿ’ಯ ಮೂಲಕ ಅವರು ಆಹಾರದ ಕಲಬೆರಕೆ, ಲಂಚಗಾರಿಕೆಗಳಂಥ ವಿಷಯಗಳನ್ನು ಮನೆಮನೆಯ ಚರ್ಚೆಯಾಗಿಸಿದರು. ಕೇಳಿದ್ದನ್ನು ಹೇಳುವುದಕ್ಕಿಂತ ಸ್ಥಳಕ್ಕೆ ಹೋಗಿ ಕಂಡದ್ದನ್ನು ತೋರಿಸುವುದು ಈ ಬಗೆಯ ಕಾರ್ಯಕ್ರಮದ ಬಲ.

ವ್ಯಾಪಾರಿಗಳಾದ ನಮಗೆ ಇದು ಪರರ ಸಂಗತಿಯಲ್ಲ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನದ ಜೊತೆಗೆ ಪ್ರತಿರೂಪಕ ವ್ಯವಹಾರವನ್ನೂ ಆಚಾರ್ಯರು ಎಣಿಸಿದ್ದಾರೆ. ಒಳ್ಳೆಯದರಲ್ಲಿ ಅದರಂತೆಯೇ ಕಾಣುವ ಕೀಳು ವಸ್ತುವನ್ನು ಬೆರೆಸುವುದೇ ಅದು. ತೊಗರಿಯ ನಾಡಾದ ಕಲಬುರಗಿಯಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಿಲ್ಲ. ತೊಗರಿ ಬೇಳೆಗೆ ಕೇಸರಿ ಬೇಳೆ ಬೆರೆಸಿದರೆ ಕಣ್ಣಿಗೆ ಸುಲಭವಾಗಿ ಗೊತ್ತಾಗದು. ಅದನ್ನು ಬಹುಕಾಲ ಹೆಚ್ಚಾಗಿ ಉಂಡವನ ಕಾಲಿನ ಶಕ್ತಿ ಉಡುಗಬಹುದು. ಅಲ್ಲಿಗೆ ಚೌರ್ಯವು ಹಿಂಸೆಯೂ ಆಯಿತು.

ಆದರೆ ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವೂ ಒಂದು. ಏಕಾಂತದ ನಡೆಯನ್ನು ಬಯಲಿಗೆಳೆಯುವುದು ದೋಷ. ಹಾಗಾದರೆ ಗುಪ್ತ ಕ್ಯಾಮೆರಾ ಧರ್ಮಸಮ್ಮತವೇ? ಗೃಹಸ್ಥನ ಖಾಸಗಿ ಬಾಳು ಬೇರೆ, ಸಾವಿರಾರು ಜನರು ಉಣ್ಣುವ ಬೇಳೆಯ ಚೀಲ ಬೇರೆ. ಎರಡನೆಯದನ್ನು ಮುಚ್ಚಿಡುವುದಕ್ಕೆ ಏಕಾಂತದ ರಕ್ಷಣೆ ಸಲ್ಲದು.

ಈ ಆಯುಧದ ಎರಡೂ ಅಂಚುಗಳು 2007ರಲ್ಲಿ ದೆಹಲಿಯಲ್ಲಿ ಕಂಡವು. ಬಿ.ಎಂ.ಡಬ್ಲ್ಯು. ಅಪಘಾತದ ಮೊಕದ್ದಮೆಯಲ್ಲಿ ಸಾಕ್ಷಿಯನ್ನು ತಿರುಗಿಸುವ ಯತ್ನವನ್ನು ಎನ್‌.ಡಿ.ಟಿ.ವಿ. ಬಯಲು ಮಾಡಿತು, ಅದು ಸಾರ್ವಜನಿಕ ಹಿತದ ಸೇವೆಯೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಒಪ್ಪಿತು. ಅದೇ ವರ್ಷ ಮತ್ತೊಂದು ವಾಹಿನಿ, ಲೈವ್ ಇಂಡಿಯಾ, ಹುಸಿ ಚಿತ್ರೀಕರಣದಿಂದ ನಿರಪರಾಧಿ ಶಿಕ್ಷಕಿಯೊಬ್ಬರನ್ನು ಗುಂಪಿನ ಹಲ್ಲೆಗೆ ಒಡ್ಡಿತು. ಸರ್ಕಾರ ಆ ವಾಹಿನಿಯನ್ನು ಒಂದು ತಿಂಗಳು ನಿಲ್ಲಿಸಿತು. ಆ ತಾಯಿಯ ಮಾನಕ್ಕೆ ಬಿದ್ದ ಪೆಟ್ಟನ್ನು ಯಾವ ಆದೇಶ ಮಾಯಿಸೀತು?

ಈ ಪ್ರಕಾರದ ಕೊರತೆ ಇಲ್ಲೇ ಇದೆ. 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ಮಾದರಿಯ ವರದಿ ನೀಡಲು ವಿಶ್ಲೇಷಕನಿಗೆ 14 ದಿನಗಳ ಅವಧಿಯುಂಟು. ವಾಹಿನಿಯು ಅರ್ಧ ತಾಸಿನಲ್ಲಿ ತೀರ್ಪಿಗೆ ಅವಸರಿಸುತ್ತದೆ. ಹಿನ್ನೆಲೆಯ ಅಬ್ಬರದ ಸಂಗೀತವು ಅನುಮಾನವನ್ನು ಪುರಾವೆಯೆನಿಸುತ್ತದೆ. ಚಿಲ್ಲರೆ ಅಂಗಡಿಯವನ ಮುಖ ಕಾಣುತ್ತದೆ; ಅವನಿಗೆ ಸರಕು ಒದಗಿಸಿದವನ ಮುಖ ಕಾಣುವುದು ಅಪರೂಪ. ಪ್ರಸಾರದ ಬಳಿಕ ಮೊಕದ್ದಮೆ ಏನಾಯಿತೆಂಬುದನ್ನು ಅಷ್ಟೇ ಆಸ್ಥೆಯಿಂದ ತಿಳಿಸಿದಾಗಲೇ ತನಿಖೆ ಪೂರ್ಣವಾಗುವುದು.

ಇಷ್ಟಾದರೂ ಈ ವರದಿಗಾರರ ಋಣ ಸಮಾಜದ ಮೇಲಿದೆ. ಅದನ್ನು ತೀರಿಸುವ ಬಗೆ ಚಪ್ಪಾಳೆಯಲ್ಲ. ನಮ್ಮ ಬಸದಿಗಳ ಟ್ರಸ್ಟುಗಳು ಆಹಾರದಾನಕ್ಕೆ ಕೊಳ್ಳುವ ಬೇಳೆ, ಎಣ್ಣೆ, ಅರಿಸಿನಗಳನ್ನು ವರ್ಷಕ್ಕೊಮ್ಮೆಯಾದರೂ ಪ್ರಯೋಗಾಲಯಕ್ಕೆ ಕಳುಹಿಸಿ, ಫಲಿತಾಂಶವನ್ನು ಸೂಚನಾಫಲಕದಲ್ಲಿ ಹಾಕಲಿ. ತಾನೇ ತೆರೆದಿಟ್ಟ ಉಗ್ರಾಣಕ್ಕೆ ಗುಪ್ತ ಕ್ಯಾಮೆರಾದ ಭಯವಿಲ್ಲ.